ಕುಂಕುಮ ಕೊಟ್ಟು ಕರೆದ ಸಿನಿಮಾ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಪರೀಕ್ಷೆಯ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದೆ. ಕಂಪಾಸ್ ಡಬ್ಬಿಯ ಮುಚ್ಚಳ, ಅಂಗಿಯ ತೋಳು, ಕರ್ಚೀಫಿನ ಮಡಿಕೆ, ಎಲ್ಲೆಲ್ಲಿ ಚೀಟಿ ಇರುತ್ತದೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಮಕ್ಕಳಿಗೂ ಗೊತ್ತಿತ್ತು. ಅಂಥ ನಾನು, ನಿವೃತ್ತಿಯಾಗಿ ಕೈಗೊಂದು ದೊಡ್ಡ ಫೋನು ಬಂದ ಮೇಲೆ, ಕದ್ದ ಸಿನಿಮಾವೊಂದನ್ನು ಇಪ್ಪತ್ತಾರು ಮನೆಗೆ ಹಂಚಿದೆ. ಕದ್ದುಮುಚ್ಚಿ ಅಲ್ಲ, ಹೆಮ್ಮೆಯಿಂದ.

ಆ ಸಿನಿಮಾಕ್ಕೆ ಎರಡು ವರ್ಷ ದುಡಿದವಳು ನಮ್ಮ ಮನೆಯ ಮಹಡಿಯಲ್ಲೇ ಇರುವ ಹುಡುಗಿ. ಅವಳು ನನ್ನನ್ನು ನಾಲ್ಕು ಮಾತು ಬೈದಿದ್ದರೆ ತಲೆ ತಗ್ಗಿಸಿ ಕೇಳುತ್ತಿದ್ದೆ. ಬೈಯಲಿಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಳು. ಅಷ್ಟೇ ಅಲ್ಲ, ನಾನು ಕಳೆದುಕೊಂಡಿದ್ದೇನೆಂದೇ ಗೊತ್ತಿರದಿದ್ದ ಒಂದನ್ನು ನನಗೆ ವಾಪಸ್ಸು ಕೊಟ್ಟಳು. ಆ ಉಪಕಾರ ಮರೆಯಬಾರದೆಂದು ಬರೆದಿಡುತ್ತಿದ್ದೇನೆ.

ಹನುಮಂತನಗರದಲ್ಲಿ ನಮ್ಮದು ಮಾವನವರು ಕಟ್ಟಿಸಿದ ಮನೆ. ಕೆಳಗೆ ನಾವು, ಮೇಲೆ ಈ ಹುಡುಗಿ. ಬಂದ ಹೊಸದರಲ್ಲಿ ಏನು ಕೆಲಸವೆಂದು ಕೇಳಿದ್ದಕ್ಕೆ "ಸಿನಿಮಾಗೆ ಸೌಂಡ್ ಮಾಡ್ತೀನಿ ಆಂಟಿ" ಎಂದಿದ್ದಳು. ಹಾಡೋ, ವಾದ್ಯವೋ ಎಂದೆ. ಎರಡೂ ಅಲ್ಲವಂತೆ. ಪರದೆಯ ಮೇಲೆ ಬಾಗಿಲು ತೆರೆದರೆ ಬಾಗಿಲಿನ ಸದ್ದು, ಯಾರೋ ಲೋಟ ಇಟ್ಟರೆ ಲೋಟದ ಸದ್ದು, ಮಾತು ಹಾಡು ಬಿಟ್ಟು ಉಳಿದದ್ದೆಲ್ಲ ಅವಳ ಪಾಲಿನದು. ಅಲ್ಲಿಯವರೆಗೆ ಅವಳು ಟೀವಿ ಧಾರಾವಾಹಿಗಳಿಗೆ ದುಡಿಯುತ್ತಿದ್ದಳು. ಅತ್ತೆಯೊಬ್ಬಳು ಮೂರು ಸಲ ಮುಖ ತಿರುಗಿಸಿದಾಗ ಮೂರು ಸಲ ಗುಡುಗು ಬರುತ್ತದಲ್ಲ, ಆ ಗುಡುಗು ಇವಳದೇ. "ಆ ಗುಡುಗು ಹಾಕಿ ಹಾಕಿ ಕಿವಿ ಸತ್ತೋಗಿದೆ ಆಂಟಿ" ಎನ್ನುತ್ತಿದ್ದಳು. ಆಮೇಲೆ ಈ ಸಿನಿಮಾ ಸಿಕ್ಕಿತು. ಸಣ್ಣ ತಂಡ, ದೊಡ್ಡ ನಟರಿಲ್ಲ. ಆದರೆ ಮೊದಲ ಬಾರಿಗೆ ಪೂರ್ತಿ ಶಬ್ದ ಇವಳ ಕೈಯಲ್ಲಿ.

ಆಗ ನಮ್ಮ ಅತ್ತೆ ಬದುಕಿದ್ದರು. ಎಂಬತ್ತನಾಲ್ಕು ವರ್ಷ, ಸೊಂಟದ ನೋವು, ಎಡಗಾಲು ಎಳೆಯುತ್ತಿದ್ದರು. ನೆಲದ ಥಂಡಿ ತಾಗಬಾರದೆಂದು ಮನೆಯೊಳಗೂ ಹವಾಯಿ ಚಪ್ಪಲಿ. ಬಲಗಾಲು ಟಪ್ ಎನ್ನುತ್ತಿತ್ತು, ಎಡಗಾಲು ಸರ್ರ್ ಎಂದು ಹಿಂದೆ ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲ ಬಳಿ ನಿಂತು ಒಮ್ಮೆ ಕೆಮ್ಮಿ ಒಳಗೆ ಕಾಲಿಡುವರು. ಮದುವೆಯಾಗಿ ಬಂದಾಗಿನಿಂದ ನಾನು ಆ ಕೆಮ್ಮನ್ನೂ, ಕೊನೆಯ ಹತ್ತು ವರ್ಷ ಆ ಎಳೆಯುವ ಚಪ್ಪಲಿಯನ್ನೂ ಕೇಳಿಕೊಂಡೇ ಬದುಕಿದ್ದೆ. ಕೇಳಿದ ಕೂಡಲೇ ಕೈಯಲ್ಲಿದ್ದ ವಾರಪತ್ರಿಕೆ ಅಕ್ಕಿಡಬ್ಬದ ಹಿಂದೆ ಹೋಗುತ್ತಿತ್ತು, ಈಳಿಗೆ ಮಣೆ ಮುಂದೆ ಬರುತ್ತಿತ್ತು. ನಾವಿಬ್ಬರೂ ಜಗಳಗಂಟಿಯರು. ಹುಳಿಗೆ ಬೆಲ್ಲ ಎಷ್ಟು ಎಂಬುದರ ಮೇಲೆಯೇ ಮೂವತ್ತು ವರ್ಷ ಜಗಳವಾಡಿದ್ದೇವೆ. ಸುಳ್ಳು ಹೇಳುವುದಿಲ್ಲ, ಆ ಸದ್ದು ಕೇಳಿದರೆ ನನ್ನ ಮೈ ಉರಿಯುತ್ತಿತ್ತು.

ಒಂದು ಶ್ರಾವಣದ ಮಧ್ಯಾಹ್ನ ಹುಡುಗಿ ಕೆಳಗಿಳಿದು ಬಂದಳು. ಕೈಯಲ್ಲಿ ತುಪ್ಪಳದ ಗವಸು ತೊಡಿಸಿದ ಮೈಕು. ನಮ್ಮ ಕಬ್ಬಿಣದ ಗೇಟಿನ ಕಿರುಗುಟ್ಟುವಿಕೆ, ಬೀರುವಿನ ಬಾಗಿಲು, ಒರಳುಕಲ್ಲು ಎಲ್ಲದರ ಸದ್ದೂ ಹಿಡಿದುಕೊಂಡಳು. ಕೊನೆಗೆ ಅತ್ತೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ಅಜ್ಜಿ, ನೀವು ಹಾಲಿಂದ ಅಡುಗೆಮನೆವರೆಗೂ ನಡೀತೀರಾ? ನಂಗೆ ನಿಮ್ ನಡಿಗೆ ಬೇಕು" ಎಂದಳು.

ಎಲ್ಲರೂ ಅವರಿಗೆ ಕೂತ್ಕೊಳ್ಳಿ ಕೂತ್ಕೊಳ್ಳಿ ಎನ್ನುತ್ತಿದ್ದ ಕಾಲ ಅದು. ನಡೆಯಿರಿ ಎಂದವಳು ಇವಳೊಬ್ಬಳೇ. ಅತ್ತೆಗೆ ಮದುವಣಗಿತ್ತಿಯ ಸಂಭ್ರಮ. ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದರು.

"ಸಿನಿಮಾದಲ್ಲಿ ನನ್ ಮುಖ ಬರತ್ತೇನೆ?"

"ಇಲ್ಲ ಅಜ್ಜಿ. ಕಾಲು ಮಾತ್ರ. ಅದೂ ಕಾಣಲ್ಲ, ಬರೀ ಕೇಳತ್ತೆ."

"ಅಯ್ಯೋ ಇವಳ! ಅಷ್ಟಕ್ಕೆ ಹೊಸ ಸೀರೆ ಉಟ್ಟೆನಲ್ಲೇ" ಎಂದು ನಕ್ಕರು. ಫ್ಯಾನು ನಿಂತಿತು, ಫ್ರಿಜ್ಜು ಆರಿತು, ಪಾತ್ರೆ ಮುಟ್ಟಕೂಡದೆಂದು ನನಗೆ ಅಪ್ಪಣೆಯಾಯಿತು. ಅತ್ತೆ ಹತ್ತು ಸಲ ನಡೆದರು, ಹತ್ತು ಸಲವೂ ಹೊಸ್ತಿಲಲ್ಲಿ ಕೆಮ್ಮಿದರು. ಸಾಕು ಎಂದರೂ ಇನ್ನೊಂದು ಸುತ್ತು ನಡೆದರು. ಆ ಸಂಕ್ರಾಂತಿ ಕಳೆದ ಮೇಲೆ ಅವರು ಹೋಗಿಬಿಟ್ಟರು. ಹುಡುಗಿ ಹಿಡಿದುಕೊಂಡು ಹೋದ ಸದ್ದಿನ ವಿಷಯ ನಾನು ಮರೆತೇಬಿಟ್ಟೆ.

ವರ್ಷಾಬ್ದಿಕವೂ ಮುಗಿದು, ಯುಗಾದಿಯಾದ ಎರಡು ವಾರಕ್ಕೆ ಸಿನಿಮಾ ಬಿಡುಗಡೆಯಾಯಿತು. ಹಿಂದಿನ ದಿನವೇ ಹುಡುಗಿ ಬಂದು, "ಭಾನುವಾರ ಬೆಳಿಗ್ಗೆ ಜೆ.ಪಿ. ನಗರದಲ್ಲಿ ಹತ್ತೂಕಾಲಿನ ಶೋ. ನೀವೂ ಅಂಕಲ್ಲೂ ಬರ್ಲೇಬೇಕು" ಎಂದು ಹೇಳಿಹೋಗಿದ್ದಳು. ನಾವು ಒಪ್ಪಿಕೊಂಡಿದ್ದೆವು.

ಶುಕ್ರವಾರ ಮಧ್ಯಾಹ್ನವೇ ಉತ್ತರಹಳ್ಳಿಯ ನನ್ನ ನಾದಿನಿ ಫೋನಿಗೆ ಒಂದು ಲಿಂಕು ಕಳಿಸಿದಳು. "ಅತ್ತಿಗೆ, ನಿಮ್ಮ ಮೇಲ್ಮನೆ ಹುಡುಗಿ ಸಿನಿಮಾ ಇದೇ ಅಲ್ವಾ? ಸಿಕ್ತು ನೋಡಿ." ಒತ್ತಿದೆ, ಬಂತು. ನನಗೇನು ಗೊತ್ತು? ಹಾಲು, ತರಕಾರಿ, ಔಷಧಿ ಎಲ್ಲವೂ ಫೋನಿನಲ್ಲೇ ಬರುವಾಗ ಸಿನಿಮಾ ಬಂದರೆ ಆಶ್ಚರ್ಯವೇನು ಎಂದುಕೊಂಡೆ. ಚಿತ್ರ ಸ್ವಲ್ಪ ವಾಲಿತ್ತು, ಮಧ್ಯೆ ಯಾರದೋ ತಲೆ ಅಡ್ಡ ಬರುತ್ತಿತ್ತು, ಎಲ್ಲಿಯದೋ ಮಗು ಅಳುತ್ತಿತ್ತು. ಈಗಿನ ಸಿನಿಮಾಗಳೇ ಹೀಗೆ ಎಂದುಕೊಂಡು ನೋಡಿದೆ. ಇಂಟರ್‌ವಲ್ ಆದ ಮೇಲೆ ಒಂದು ಕಡೆ ನಾಯಕಿ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿದ್ದಳು. ಕುಳಿತೇ ಇದ್ದಳು. ಮಾತಿಲ್ಲ, ಕತೆಯಿಲ್ಲ. ಬೇಸರವಾಗಿ ಬೆರಳಿನಲ್ಲಿ ಮುಂದಕ್ಕೆ ಓಡಿಸಿದೆ. ಕೊನೆಯಲ್ಲಿ ಹುಡುಗಿಯ ಹೆಸರು ನೋಡಬೇಕೆಂದು ಕಾದರೆ, ಹೆಸರು ಬರುವ ಮೊದಲೇ ಕಪ್ಪಾಗಿ ಮುಗಿದುಹೋಯಿತು.

ಆದರೂ ನನ್ನ ಎದೆ ಉಬ್ಬಿತ್ತು. ನಮ್ಮ ಬೀದಿಯಲ್ಲಿ ಶುಕ್ರವಾರದ ಭಜನೆಗೆ ಸೇರುವ ಇಪ್ಪತ್ತಾರು ಹೆಂಗಸರ ವಾಟ್ಸಾಪ್ ಗುಂಪಿದೆ. ಅದಕ್ಕೆ ಆ ಲಿಂಕು ಹಾಕಿ, "ನಮ್ಮ ಮಹಡಿ ಮೇಲಿನ ಹುಡುಗಿ ಕೆಲಸ ಮಾಡಿರುವ ಚಿತ್ರ. ಕನ್ನಡ ಚಿತ್ರಗಳನ್ನು ನಾವಲ್ಲದೆ ಇನ್ನಾರು ಪ್ರೋತ್ಸಾಹಿಸಬೇಕು? ಎಲ್ಲರೂ ತಪ್ಪದೆ ನೋಡಿ, ನಿಮ್ಮ ನೆಂಟರಿಗೂ ಕಳಿಸಿ" ಎಂದು ಬರೆದೆ. ಕೈಮುಗಿಯುವ ಚಿತ್ರ ಬೇರೆ. ಸಾಲದೆಂದು ಅದನ್ನೇ ಹುಡುಗಿಗೂ ಕಳಿಸಿ, "ಚೆನ್ನಾಗಿದೆಯಮ್ಮ, ಮಧ್ಯದಲ್ಲಿ ಸ್ವಲ್ಪ ಎಳೆದಿದ್ದಾರೆ. ನೋಡಿಬಿಟ್ಟೆವಲ್ಲ, ಇನ್ನು ಭಾನುವಾರ ಬರುವ ತೊಂದರೆ ಇಲ್ಲ" ಎಂದೆ. ಇವತ್ತು ಆ ಸಾಲು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅವಳಿಂದ ಉತ್ತರ ಬರಲಿಲ್ಲ. ಶನಿವಾರ ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ಹಾಕಿ, ತಿಂಡಿಗೆ ಬಾ ಎಂದು ಮೆಟ್ಟಿಲ ಕೆಳಗಿನಿಂದ ಕೂಗಿದೆ. ಬಹಳ ಹೊತ್ತಿನ ಮೇಲೆ ಇಳಿದು ಬಂದಳು. ಕಣ್ಣು ಊದಿತ್ತು. ತಟ್ಟೆ ಮುಟ್ಟಲಿಲ್ಲ.

"ಆಂಟಿ, ನಿನ್ನೆ ನೀವು ಕಳಿಸಿದ್ದು ಕದ್ದಿರೋದು. ಮೊದಲನೇ ಶೋಲೇ ಯಾರೋ ಫೋನ್ ಹಿಡ್ಕೊಂಡು ಕೂತು ತೆಗೆದಿದಾರೆ."

ನನಗೆ ಒಮ್ಮೆಗೇ ಅರ್ಥವಾಗಲಿಲ್ಲ. ಅವಳೇ ನಿಧಾನವಾಗಿ ಬಿಡಿಸಿ ಹೇಳಿದಳು. ಊರಿನ ದಕ್ಷಿಣಕ್ಕೆಲ್ಲ ಸಿನಿಮಾಕ್ಕೆ ಸಿಕ್ಕಿರುವುದು ಜೆ.ಪಿ. ನಗರದ ಒಂದು ಪರದೆ. ಈ ವಾರ ಜನ ಬಂದರೆ ಉಳಿಸಿಕೊಳ್ಳುತ್ತಾರೆ, ಖಾಲಿ ಕುರ್ಚಿ ಕಂಡರೆ ಮುಂದಿನ ಶುಕ್ರವಾರ ಕಿತ್ತುಹಾಕುತ್ತಾರೆ. ಎರಡನೇ ವಾರಕ್ಕೆ ಒಂದೇ ಒಂದು ಕಡೆಯಾದರೂ ನಿಂತರೆ ಇದೇ ತಂಡ ಮುಂದಿನ ಚಿತ್ರ ಶುರುಮಾಡುತ್ತದೆ, ಅದಕ್ಕೂ ಇವಳದೇ ಶಬ್ದ. ನಿಲ್ಲದಿದ್ದರೆ ತಂಡ ಚದುರುತ್ತದೆ, ಇವಳು ಮತ್ತೆ ಅತ್ತೆಯರ ಮುಖಕ್ಕೆ ಗುಡುಗು ಹಾಕಲು ಹೋಗಬೇಕು.

"ಮತ್ತೆ ಅದರಲ್ಲಿ ನೀವು ಕೇಳಿದ್ದು ನನ್ ಸೌಂಡೇ ಅಲ್ಲ ಆಂಟಿ" ಎಂದಳು. "ಅದು ಆ ಥಿಯೇಟರ್ ಏಸೀದು. ಪಾಪ್‌ಕಾರ್ನ್‌ದು. ಯಾವುದೋ ಪಾಪೂದು."

ನಾನು ಅವಳ ಕೈ ಹಿಡಿದುಕೊಂಡೆ. "ತಪ್ಪಾಯ್ತು ಕಣಮ್ಮ. ಬೈದ್ಬಿಡು ನನ್ನ" ಎಂದೆ.

"ನಿಮಗೇನ್ ಬೈಲಿ ಆಂಟಿ? ನೀವು ಪ್ರೀತಿಗೆ ಕಳಿಸಿದ್ದು ಅಂತ ಗೊತ್ತು. ಅದಕ್ಕೇ ಅಳು ಬಂದಿದ್ದು." ಹಾಗೆಂದು ತಟ್ಟೆ ಎಳೆದುಕೊಂಡು ತಿನ್ನತೊಡಗಿದಳು. ಆ ವಯಸ್ಸಿನಲ್ಲಿ ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಗುಂಪಿನಲ್ಲಿ ಹಾಕಿದ್ದನ್ನು ಅಳಿಸಿದೆ. ಅಳಿಸಿದರೇನು, ಅಷ್ಟರಲ್ಲಿ ಅದು ಅಂಜನಾಪುರದ ಯಾವುದೋ ಅಪಾರ್ಟ್‌ಮೆಂಟಿನ ಗುಂಪು ಸುತ್ತಿ, ಯಾರದೋ ಬೀಗರ ಮನೆಯಿಂದ ನನಗೇ ವಾಪಸ್ಸು ಬಂದಿತ್ತು. ದಯವಿಟ್ಟು ಥಿಯೇಟರಿಗೆ ಹೋಗಿ ನೋಡಿ ಎಂದು ಬರೆದೆ. ನಾಲ್ವರು ಹೆಬ್ಬೆರಳು ತೋರಿಸಿದರು. ಹೆಬ್ಬೆರಳು ತೋರಿಸಿದವರು ಏಳುವುದಿಲ್ಲವೆಂದು ನನಗೆ ಗೊತ್ತು, ನಾನೂ ಹಾಗೇ ಮಾಡುವವಳು.

ಸಿಟ್ಟು ಬಂತು, ನನ್ನ ಮೇಲೇ. ದೇವರ ಮುಂದಿದ್ದ ಬೆಳ್ಳಿಯ ಕುಂಕುಮದ ಭರಣಿ ಕಣ್ಣಿಗೆ ಬಿತ್ತು. ನಮ್ಮ ಕಡೆ ಒಂದು ಪದ್ಧತಿಯಿದೆ. ಫೋನಿನಲ್ಲಿ ಹೇಳಿದರೆ ಅದು ಸುದ್ದಿ. ಮನೆಗೆ ಹೋಗಿ, ಕುಂಕುಮ ಕೊಟ್ಟು, ಬನ್ನಿ ಎಂದರೆ ಮಾತ್ರ ಕರೆದಂತೆ. ಹಾಗೆ ಕರೆದ ಮೇಲೆ ಜ್ವರ ಬಂದಿದ್ದರೂ ಬಂದು ತಲೆ ತೋರಿಸಿ ಹೋಗಬೇಕು. ರೇಷ್ಮೆ ಸೀರೆ ಉಟ್ಟು, ಭರಣಿ ಹಿಡಿದು ಹೊರಟೆ. ಎಲ್ಲಿಗೆ ಎಂದು ಯಜಮಾನರು ಕೇಳಿದರು. ಸಿನಿಮಾಗೆ ಕರೆಯಕ್ಕೆ ಎಂದೆ. ಅವರು ಪೇಪರಿನಿಂದ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದರು. ಮದುವೆಯಾದಾಗಿನಿಂದಲೂ ಅವರದು ಅಷ್ಟೇ ಮಾತು. ತಾಯಿ ಹೋದಾಗಲೂ ಒಂದು ಹನಿ ಕಣ್ಣೀರು ಹಾಕಿದವರಲ್ಲ.

ಮೊದಲನೆಯ ಮನೆಯಲ್ಲಿ ಭರಣಿ ನೋಡಿದ್ದೇ, "ಏನ್ರೀ, ಯಾರ ಮುಂಜಿ?" ಎಂದರು. ಸಿನಿಮಾ ಎಂದ ಮೇಲೆ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. ಆದರೂ ಕುಂಕುಮ ತೆಗೆದುಕೊಂಡರು. ತೆಗೆದುಕೊಂಡರೆ ಆಯಿತು, ಒಪ್ಪಿದ ಹಾಗೆ.

ಮೂರನೆಯ ಮನೆಯಲ್ಲಿ ನನ್ನದೇ ಲಿಂಕು ಟೀವಿಗೆ ಹತ್ತಿ ಮನೆಮಂದಿಯೆಲ್ಲ ಕುಳಿತು ನೋಡುತ್ತಿದ್ದರು. ನನಗೂ ಕಾಫಿ ಕೊಟ್ಟು ಕೂರಿಸಿದರು. ದೊಡ್ಡ ಪರದೆಯ ಮೇಲೆ ಯಾರದೋ ತಲೆ ಎದ್ದು ಹೋಯಿತು, ಆ ಮಗು ಮತ್ತೆ ಅತ್ತಿತು.

"ಇದು ಕದ್ದಿರೋದಂತೆ ಕಣ್ರೀ, ನಾನೇ ಗೊತ್ತಿಲ್ದೆ ಕಳಿಸ್ಬಿಟ್ಟೆ. ಆರಿಸ್ಬಿಡಿ" ಎಂದೆ.

"ಅರ್ಧ ಆಗೋಗಿದ್ಯಲ್ರೀ."

"ಇನ್ನರ್ಧ ನಾಳೆ ನೋಡೋಣ. ಮೊದಲಿಂದ."

ಅವರ ಯಜಮಾನರೇ ಎದ್ದು ಆರಿಸಿದರು. ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎದುರುಸಾಲಿನ ಕೊನೆಯ ಮನೆಯವರು ಗಂಡನನ್ನು ಕಳೆದುಕೊಂಡು ಆರು ವರ್ಷ. ಆಮೇಲೆ ಅವರ ಮನೆಗೆ ಭರಣಿ ಹಿಡಿದು ಯಾರೂ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ. ಅವತ್ತು ಬಾಗಿಲಲ್ಲಿ ಒಂದು ಕ್ಷಣ ತಡೆದು, ಭರಣಿ ಮುಂದೆ ಹಿಡಿದೆ. ಅವರು ನನ್ನ ಮುಖ ನೋಡಿದರು, ಕುಂಕುಮ ತೆಗೆದು ಹಣೆಗಿಟ್ಟುಕೊಂಡರು. "ನಾನಾಗ್ಲೇ ಫೋನಲ್ಲಿ ನೋಡ್ಬಿಟ್ಟೆ. ಆದ್ರೂ ಬರ್ತೀನಿ" ಎಂದರು. ಅವರ ಮನೆಗೆ ಈಗ ಎಲ್ಲ ಹಬ್ಬಕ್ಕೂ ಹೋಗುತ್ತೇನೆ.

ಭಾನುವಾರ ಹತ್ತೊಂಬತ್ತು ಹೆಂಗಸರು ರೇಷ್ಮೆ ಸೀರೆಯುಟ್ಟು ಬಸ್ ಸ್ಟಾಪಿನಲ್ಲಿ ನಿಂತೆವು. ಹೆಂಗಸರಿಗೆಲ್ಲ ಬಸ್ಸು ಫ್ರೀ, ಟಿಕೆಟ್ ತೆಗೆಸಿದವರು ನಮ್ಮ ಯಜಮಾನರೊಬ್ಬರೇ. ಯಾವ ಮದುವೆ ಎಂದು ಕಂಡಕ್ಟರ್ ಕೇಳಿದ. ಮಾಲಿನ ಎಸ್ಕಲೇಟರಿನಲ್ಲಿ ಇಬ್ಬರಿಗೆ ಸೀರೆ ಸಿಕ್ಕೀತೆಂಬ ಭಯ, ಅವರಿಗಾಗಿ ಲಿಫ್ಟು ಹುಡುಕಿದ್ದಾಯಿತು. ಹುಡುಗಿ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದಳು. ನಮ್ಮ ದಂಡು ನೋಡಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಉಳಿದ ಕುರ್ಚಿಗಳಲ್ಲಿ ಹತ್ತು ಹದಿನೈದು ಜನ ಇದ್ದರೇನೋ.

ಸಿನಿಮಾ ಶುರುವಾಯಿತು. ನಾನು ಎರಡು ದಿನದ ಹಿಂದೆ ನೋಡಿದ್ದ ಸಿನಿಮಾ ಇದಲ್ಲವೇ ಅಲ್ಲ. ನಮ್ಮ ಗೇಟು ಕಿರುಗುಟ್ಟಿತು, ಗುರುತು ಹಿಡಿದೆ. ಒರಳು ತಿರುಗಿತು, ಪಕ್ಕದವರ ತೊಡೆ ತಟ್ಟಿ ನಮ್ಮದು ಎಂದೆ. ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆ ನಾನು ಬೆರಳಿನಲ್ಲಿ ಓಡಿಸಿದ್ದ ದೃಶ್ಯ ಬಂತು. ನಾಯಕಿ ಅಡುಗೆಮನೆಯಲ್ಲಿ ಒಬ್ಬಳೇ ಕುಳಿತಿದ್ದಾಳೆ. ಎಲ್ಲ ಸದ್ದೂ ಅಡಗಿತು.

ಆಗ ಹಿಂದಿನಿಂದ, ನನ್ನ ಎಡಭುಜದ ಹಿಂದಿನಿಂದ, ಟಪ್... ಸರ್ರ್. ಟಪ್... ಸರ್ರ್.

ನಾನು ಕುಳಿತಲ್ಲೇ ನೆಟ್ಟಗಾದೆ. ಸೆರಗು ಸರಿಮಾಡಿಕೊಂಡೆ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು, ಅದೇಕೆಂದು ದೇವರಿಗೇ ಗೊತ್ತು, ಕುರ್ಚಿಯ ಹಿಂದೆ ಬಚ್ಚಿಟ್ಟೆ. ಹೆಜ್ಜೆ ನಮ್ಮ ಸಾಲಿನ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಯಿತು. ನಿಂತಿತು. ಒಮ್ಮೆ ಕೆಮ್ಮಿತು. ಪರದೆಯ ಮೇಲೆ ನಾಯಕಿ ದಡಬಡಿಸಿ ಕಣ್ಣೊರೆಸಿಕೊಂಡಳು.

ಪಕ್ಕಕ್ಕೆ ನೋಡಿದೆ. ನಮ್ಮ ಯಜಮಾನರು ಪರದೆ ನೋಡುತ್ತಿರಲಿಲ್ಲ. ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದರು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ನಾನು ಅವರ ಕೈ ಹಿಡಿದೆ. ನನಗೂ ಅಳು ತಡೆಯಲಾಗಲಿಲ್ಲ. ಮೂವತ್ತು ವರ್ಷ ಜಗಳವಾಡಿದ ಆ ಹೆಂಗಸು ನನಗೆ ಎಷ್ಟು ಬೇಕಾಗಿದ್ದರೆಂದು ಆ ಕುರ್ಚಿಯಲ್ಲಿ ಕುಳಿತು ತಿಳಿಯಿತು.

ಸಿನಿಮಾ ಮುಗಿದು ಹೆಸರುಗಳು ಮೇಲೇರತೊಡಗಿದವು. ದೀಪ ಹೊತ್ತಿತು, ಗುಡಿಸುವವರು ಪೊರಕೆ ಹಿಡಿದು ಬಂದು ನಿಂತರು. "ಯಾರೂ ಏಳ್ಬೇಡಿ" ಎಂದೆ, ಪರೀಕ್ಷೆಯ ಕೊಠಡಿಯ ದನಿಯಲ್ಲಿ. ಯಾರೂ ಏಳಲಿಲ್ಲ, ಪೊರಕೆಯವರೂ ನಿಂತೇ ನೋಡಿದರು. ಹುಡುಗಿಯ ಹೆಸರು ಬಂತು, ಒಂದು ಇಡೀ ಸಾಲಿನಲ್ಲಿ. ಹೆಂಗಸರು ಭಜನೆಗೆ ತಟ್ಟುವಂತೆ ಚಪ್ಪಾಳೆ ತಟ್ಟಿದರು. ಕೊನೆಗೆ ಕೃತಜ್ಞತೆಗಳು ಎಂದು ಬಂತು. "ರೀ, ನಿಮ್ಮತ್ತೆ ಹೆಸರು ಕಣ್ರೀ!" ಎಂದು ಯಾರೋ ಕೂಗಿದರು.

ಹೊರಗೆ ಬಂದ ಮೇಲೆ ಹುಡುಗಿ ಮೆಲ್ಲಗೆ ಹೇಳಿದಳು: "ಆಂಟಿ, ಅಜ್ಜಿ ನಡೆದಿದ್ದು ಪೂರ್ತಿ ರೆಕಾರ್ಡಿಂಗ್ ನನ್ ಹತ್ರ ಇದೆ. ಫೋನಿಗೆ ಕಳಿಸ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು "ಬೇಡಮ್ಮ, ಫೋನಲ್ಲಿ ಬೇಡ" ಎಂದರು. ಅಷ್ಟೇ ಅಂದರು.

ಸೋಮವಾರ ಅವರೇ ನನ್ನನ್ನು ಹೊರಡಿಸಿದರು. ಮಂಗಳವಾರ, ಬುಧವಾರ ಒಬ್ಬರೇ ಹೋದರು. ಗುರುವಾರ ಭಾನುವಾರದ ಹೆಂಗಸರಲ್ಲಿ ಏಳು ಜನ ತಮ್ಮ ಮನೆಯವರನ್ನು ಕಟ್ಟಿಕೊಂಡು ಮತ್ತೆ ಬಂದರು. ಗಂಡ ಇಲ್ಲದ ಆ ಎದುರುಸಾಲಿನವರು ತಂಗಿಯ ಸಂಸಾರವನ್ನೇ ಕರೆತಂದಿದ್ದರು. ನನ್ನ ತಪ್ಪು ಇದರಿಂದ ಅಳಿಸಿಹೋಯಿತೆಂದು ನಾನು ತಿಳಿದಿಲ್ಲ. ನಾನು ಕಳಿಸಿದ ಲಿಂಕಿನಲ್ಲಿ ಎಷ್ಟು ಮನೆಗಳು ಕುಳಿತಲ್ಲೇ ನೋಡಿ ಮುಗಿಸಿದವೋ, ಎಷ್ಟು ಜನ ನನ್ನ ಹಾಗೆ ಆ ಅಡುಗೆಮನೆಯನ್ನು ಬೆರಳಿನಲ್ಲಿ ಓಡಿಸಿದರೋ, ಲೆಕ್ಕ ಯಾರ ಬಳಿಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಹುಡುಗಿ ಮೆಟ್ಟಿಲು ಎರಡೆರಡಾಗಿ ಇಳಿದು ಓಡಿಬಂದಳು.

"ಆಂಟಿ, ಬೇರೆ ಕಡೆ ಎಲ್ಲಾ ತೆಗೆದ್ರು. ಜೆ.ಪಿ. ನಗರದ್ದು ಒಂದು ಶೋ ಉಳೀತು! ಅದೇ ಹತ್ತೂಕಾಲಿಂದು. ಡೈರೆಕ್ಟರ್ ಫೋನ್ ಮಾಡಿದ್ರು, ಮುಂದಿನ್ ಸಿನಿಮಾ ಮಾಡ್ತಾರಂತೆ!"

ಅವಳನ್ನು ತಬ್ಬಿಕೊಂಡೆ, ದೋಸೆ ಸೀದುಹೋಯಿತು. ಅಷ್ಟರಲ್ಲಿ ಯಜಮಾನರು ಕೋಣೆಯಿಂದ ಹೊರಬಂದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ.

"ಎಲ್ಲಿಗ್ ಹೊರಟ್ರಿ? ತಿಂಡಿ ಆಗಿಲ್ಲ" ಎಂದೆ.

"ಬೇಗ ಹೊರಡೆ" ಎಂದರು. "ಇಂಟರ್‌ವಲ್ ಆಗಿ ಸ್ವಲ್ಪ ಹೊತ್ತಿಗೆಲ್ಲ ಅಮ್ಮ ಬರ್ತಾಳೆ. ಅವಳು ಬರೋವಾಗ ನಾವು ಅಲ್ಲಿರ್ಬೇಕಲ್ಲ."

ನಾನು ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡೆ.